ತಿಂಗಳಿಗೆ 25 ರೂಪಾಯಿ ನೆರವಿನಿಂದ ಬೆಳೆದ ವಿದ್ವಾಂಸ

ಸಂವಿಧಾನ ಕರಡು ಸಮಿತಿಯ ಅಧ್ಯಕ್ಷರಾಗಿ ಡಾ. ಬಿ.ಆರ್. ಅಂಬೇಡ್ಕರ್ ಅವರನ್ನು ಎಲ್ಲರೂ ಬಲ್ಲರು. ಆದರೆ ಹಣವಿಲ್ಲದೆ ಅವರ ವಿದ್ಯಾಭ್ಯಾಸವೇ ಅರ್ಧಕ್ಕೆ ನಿಲ್ಲುವ ಸ್ಥಿತಿ ಎರಡು ಬಾರಿ ಬಂದಿತ್ತೆಂಬುದನ್ನು ಸ್ಮರಿಸುವವರು ಕಡಿಮೆ.

ಅಂಬೇಡ್ಕರ್ 1891ರ ಏಪ್ರಿಲ್ 14ರಂದು ಇಂದಿನ ಮಧ್ಯಪ್ರದೇಶದ ಮಹೂವಿನಲ್ಲಿ ಜನಿಸಿದರು. ತಂದೆ ರಾಮ್‌ಜಿ ಸಕ್ಪಾಲ್ ಸೇನೆಯಿಂದ ನಿವೃತ್ತರಾದ ಸುಬೇದಾರ್. ಮುಂಬಯಿಯ ಪರೇಲ್‌ನಲ್ಲಿ ಒಂದೇ ಕೋಣೆಯ ಮನೆಯಲ್ಲಿ ಸಂಸಾರ ಸಾಗುತ್ತಿತ್ತು. 1907ರಲ್ಲಿ ಮಗ ಮೆಟ್ರಿಕ್ಯುಲೇಷನ್ ತೇರ್ಗಡೆಯಾಗಿ ಎಲ್ಫಿನ್‌ಸ್ಟನ್ ಕಾಲೇಜು ಸೇರಿದ. ಇಂಟರ್‌ಮೀಡಿಯೆಟ್ ಮುಗಿಯುವ ವೇಳೆಗೆ ತಂದೆಯ ಕೈ ಬರಿದಾಗಿತ್ತು.

ಆಗ ನೆರವಿಗೆ ಬಂದವರು ಶಿಕ್ಷಕ ಕೃಷ್ಣಾಜಿ ಕೇಳುಸ್ಕರ್. ಅವರ ಪ್ರಯತ್ನದಿಂದ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಮಂಜೂರು ಮಾಡಿದರು. 1912ರಲ್ಲಿ ಬಿ.ಎ. ಪದವಿ ದೊರೆಯಿತು.

ಮರುವರ್ಷ ತಂದೆ ತೀರಿಕೊಂಡರು. ಅದೇ ವರ್ಷ ಬರೋಡಾ ಸಂಸ್ಥಾನವು ತಿಂಗಳಿಗೆ ಹನ್ನೊಂದೂವರೆ ಪೌಂಡುಗಳಂತೆ ಮೂರು ವರ್ಷಗಳ ನೆರವಿತ್ತು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿತು. ಮರಳಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಷರತ್ತಿತ್ತು. 1915ರಲ್ಲಿ ಎಂ.ಎ. ಮುಗಿಸಿ, 1916ರಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಸೇರಿದರು. ವಿದ್ಯಾರ್ಥಿವೇತನದ ಅವಧಿ ಮುಗಿದುದರಿಂದ 1917ರಲ್ಲಿ ವ್ಯಾಸಂಗವನ್ನು ನಡುವೆಯೇ ಬಿಟ್ಟು ಬರಬೇಕಾಯಿತು.

ಷರತ್ತಿನಂತೆ ಬರೋಡಾದಲ್ಲಿ ಕೆಲಸಕ್ಕೆ ಸೇರಿದರು. ಆದರೆ ವಿದೇಶಿ ಪದವಿ ಪಡೆದ ಈ ಅಧಿಕಾರಿಗೆ, ಅಸ್ಪೃಶ್ಯರೆಂಬ ಕಾರಣಕ್ಕೆ, ಆ ಊರಿನಲ್ಲಿ ತಂಗಲು ಸ್ಥಳ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದಲೂ ಹೊರಹಾಕಲ್ಪಟ್ಟು ಮುಂಬಯಿಗೆ ಹಿಂದಿರುಗಿದರು.

1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನ ಪ್ರಾಧ್ಯಾಪಕರಾಗಿ ಸಂಬಳದಲ್ಲಿ ಉಳಿತಾಯ ಮಾಡಿದರು. ಕೊಲ್ಹಾಪುರದ ಶಾಹು ಮಹಾರಾಜರ ನೆರವು ಮತ್ತು ಸ್ನೇಹಿತ ನವಲ್ ಭಥೇನಾ ಅವರ ಸಾಲದ ಬಲದಿಂದ 1920ರಲ್ಲಿ ಮತ್ತೆ ಲಂಡನ್ನಿಗೆ ತೆರಳಿದರು. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ಪಡೆದರು.

ಶುಲ್ಕವಷ್ಟೇ ಅಲ್ಲ, ವಸತಿಯೂ ಇಲ್ಲದಿದ್ದರೆ ಪ್ರತಿಭೆ ಸೋಲುತ್ತದೆ ಎಂಬುದು ಅವರ ಅನುಭವವಾಗಿತ್ತು. ಆದ್ದರಿಂದಲೇ ಶೋಷಿತ ವರ್ಗಗಳ ಮಕ್ಕಳಿಗಾಗಿ ವಿದ್ಯಾರ್ಥಿನಿಲಯಗಳನ್ನು ತೆರೆದರು. ನಮ್ಮ ಧಾರವಾಡದಲ್ಲಿಯೂ ಅಂತಹ ನಿಲಯವೊಂದನ್ನು ಸ್ಥಾಪಿಸಿದರು.

1942ರಲ್ಲಿ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದಾಗ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳ ಉನ್ನತ ಶಿಕ್ಷಣಕ್ಕೆ ಸರ್ಕಾರದ ಬೊಕ್ಕಸದಿಂದಲೇ ಹಣ ಒದಗಿಸಬೇಕೆಂದು ಒತ್ತಾಯಿಸಿದರು. ಇದರ ಫಲವಾಗಿ ಮೂರು ಲಕ್ಷ ರೂಪಾಯಿ ಮಂಜೂರಾಯಿತು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆ ಆರಂಭವಾಯಿತು. ಸ್ವಾತಂತ್ರ್ಯಾನಂತರ ಇಂತಹ ನೆರವು ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳಿಗೂ ವಿಸ್ತರಿಸಿತು. 1946ರಲ್ಲಿ ಅವರು ಸ್ಥಾಪಿಸಿದ ಮುಂಬಯಿಯ ಸಿದ್ಧಾರ್ಥ ಕಾಲೇಜು, ದುಡಿಯುತ್ತಾ ಓದುವವರಿಗೂ ಬಾಗಿಲು ತೆರೆಯಿತು.

1956ರ ಡಿಸೆಂಬರ್ 6ರಂದು ಅಂಬೇಡ್ಕರ್ ನಿಧನರಾದರು. ಅವರಿಗೆ ದೊರೆತ ನೆರವು ಒಬ್ಬ ಅರಸರ ಔದಾರ್ಯದಿಂದ ಬಂದದ್ದು. ಅವಧಿ ತೀರಿದಾಗ ಅದು ನಿಂತುಹೋಯಿತು. ಅವರು ಒತ್ತಾಯಿಸಿ ಪಡೆದ ನೆರವು ಯಾರ ಔದಾರ್ಯವನ್ನೂ ಕಾಯಬೇಕಿಲ್ಲ. ಸಕಾಲದಲ್ಲಿ ಅದು ವಿದ್ಯಾರ್ಥಿಯ ಕೈಸೇರುವಂತೆ ನೋಡಿಕೊಳ್ಳುವುದು ಸರ್ಕಾರಗಳ ಹೊಣೆ.