ನಡಿಗೆ ಅಳೆಯುವ ಸೆನ್ಸರ್ ಸ್ಮಾರ್ಟ್‌ವಾಚ್ ಕಾಲದ್ದೇ? 150 ವರ್ಷ ಹಿಂದೆಯೇ ಶೂ ಒಳಗಿತ್ತು!

ಮೈಮೇಲೆ ಧರಿಸುವ ಸಾಧನದಿಂದ ನಡಿಗೆ ಪರೀಕ್ಷಿಸುವುದು ಸ್ಮಾರ್ಟ್‌ವಾಚ್ ಬಂದ ಮೇಲೆ ಶುರುವಾಯಿತು ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ಫ್ರಾನ್ಸಿನ ಎತಿಯೆನ್ ಜ್ಯೂಲ್ ಮರೇ 1870ರ ದಶಕದಲ್ಲೇ ಇದನ್ನು ಮಾಡಿದ್ದರು, ಅದೂ ಬ್ಯಾಟರಿ ಇಲ್ಲದೆ!

1830ರಲ್ಲಿ ಬೋನ್ ಪಟ್ಟಣದಲ್ಲಿ ಹುಟ್ಟಿದ ಮರೇ ಓದಿದ್ದು ವೈದ್ಯಕೀಯ. ಆದರೆ ಮನಸ್ಸಿದ್ದದ್ದು ಯಂತ್ರಗಳ ಮೇಲೆ. 1860ರಲ್ಲಿ ಮಣಿಕಟ್ಟಿಗೆ ಕಟ್ಟಿ ನಾಡಿಮಿಡಿತವನ್ನು ಕಾಗದದ ಮೇಲೆ ಮೂಡಿಸುವ ಸಾಧನ ತಯಾರಿಸಿದರು. ಆಮೇಲೆ ಗಮನ ಕಾಲಿನ ಕಡೆ ಹೋಯಿತು.

ಶೂ ಅಡಿಯಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ. ಪಾದ ನೆಲಕ್ಕೆ ಒತ್ತಿದಾಗ ಆ ಒತ್ತಡ ಕೊಳವೆಯಲ್ಲಿ ಮೇಲೇರಿ, ನಡೆಯುವವನ ಕೈಯಲ್ಲೇ ಇದ್ದ ಯಂತ್ರದ ಮುಳ್ಳನ್ನು ಎತ್ತುತ್ತಿತ್ತು. ತಿರುಗುವ ಸಿಲಿಂಡರ್‌ಗೆ ಸುತ್ತಿದ ಮಸಿ ಹಿಡಿದ ಕಾಗದದ ಮೇಲೆ ಮುಳ್ಳು ಗೀಚುತ್ತಿತ್ತು. ಯಾವ ಕಾಲು ಎಷ್ಟು ಹೊತ್ತು ನೆಲದಲ್ಲಿತ್ತು ಎಂಬುದು ಆ ಗೆರೆಯಲ್ಲೇ ಸಿಗುತ್ತಿತ್ತು. ಇದೇನು ದೊಡ್ಡ ವಿಷಯ ಅನ್ನಬೇಡಿ. ನೋವಿರುವ ಕಾಲನ್ನು ನಾವು ಗೊತ್ತಿಲ್ಲದೆಯೇ ಬೇಗ ಎತ್ತುತ್ತೇವೆ. ಇಂದಿನ ನಡಿಗೆ ಪರೀಕ್ಷೆಯಲ್ಲೂ ಅಳೆಯುವುದು ಈ ವ್ಯತ್ಯಾಸವನ್ನೇ.

ಕುದುರೆಯ ಗೊರಸಿಗೂ ಮರೇ ಇದನ್ನೇ ಕಟ್ಟಿದರು. ನಾಗಾಲೋಟದಲ್ಲಿ ಒಂದು ಕ್ಷಣ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ ಎಂದು ಗೆರೆ ಹೇಳಿತು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ತೆಗೆದ ಫೋಟೊಗಳೂ ಅದನ್ನೇ ತೋರಿಸಿದವು. ನಂತರ ಮರೇ ಕೂಡ ಕ್ಯಾಮೆರಾ ಹಿಡಿದರು: 1882ರಲ್ಲಿ, ಸೆಕೆಂಡಿಗೆ 12 ಚಿತ್ರ ತೆಗೆಯುವ, ಬಂದೂಕಿನಂತಹ ಕ್ಯಾಮೆರಾ! 1904ರಲ್ಲಿ ತೀರಿಕೊಂಡರು.

ನಿಮ್ಮ ವಾಚ್ ಒಳಗಿನ ಚಿಪ್ ಅಳೆಯುವುದು ಪಾದವನ್ನಲ್ಲ, ಕೈಯ ಅಲುಗಾಟವನ್ನು. ಕೂತಲ್ಲೇ ಕೈ ಬೀಸಿದರೂ ಕೆಲವೊಮ್ಮೆ ಹೆಜ್ಜೆ ಎಣಿಸಿಬಿಡುತ್ತದೆ. ಮರೇ ಶೂ ಹತ್ತಿರ ಆ ಆಟ ನಡೆಯುತ್ತಿರಲಿಲ್ಲ.