ಗುರುವನ್ನೂ ಪ್ರಶ್ನಿಸಿದ ಭಿಕ್ಷು ಗೆಂಡುನ್ ಚೋಪೆಲ್

ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋದವರು ಡ್ರೆಪುಂಗ್ ಮಠದ ಅಂಗಳದಲ್ಲಿ ಚಪ್ಪಾಳೆಯ ಸದ್ದು ಕೇಳಿ ಬೆರಗಾಗುವುದುಂಟು. ಒಬ್ಬ ಭಿಕ್ಷು ನೆಲದ ಮೇಲೆ ಕುಳಿತಿರುತ್ತಾನೆ. ಇನ್ನೊಬ್ಬ ಎದುರು ನಿಂತು, ಕಾಲು ಅಪ್ಪಳಿಸಿ, ಕೈ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಕುಳಿತವನು ಒಪ್ಪಬೇಕು, ಕಾರಣ ಸಿದ್ಧವಾಗಿಲ್ಲವೆನ್ನಬೇಕು, ಇಲ್ಲವೇ ವ್ಯಾಪ್ತಿಯಿಲ್ಲವೆಂದು ತೋರಿಸಬೇಕು. ನೋಡುವವರಿಗೆ ಇದು ಜಗಳ. ಅವರಿಗೋ, ಪರಸ್ಪರರ ತಪ್ಪನ್ನು ತಿದ್ದುವ ನಿತ್ಯದ ಪಾಠ.

ಕಾಲೊನಿ ಸ್ಥಾಪನೆಯಾದದ್ದು 1966ರಲ್ಲಿ. ಡ್ರೆಪುಂಗ್ ಇಲ್ಲಿ ಮರುಹುಟ್ಟು ಪಡೆದದ್ದು 1969ರಲ್ಲಿ. ಲಾಸಾ ಬಳಿಯ ಮೂಲ ಮಠದ ಗೋಮಾಂಗ್ ವಿದ್ಯಾಲಯದಲ್ಲಿ ಈ ವಿದ್ಯೆ ಕಲಿತು, ಅದನ್ನು ಅಂಗಳದಾಚೆಗೂ ಒಯ್ದು ಕಷ್ಟಕ್ಕೀಡಾದವರು ಗೆಂಡುನ್ ಚೋಪೆಲ್.

1903ರಲ್ಲಿ ಆಮ್ದೋ ಪ್ರಾಂತದಲ್ಲಿ ಜನಿಸಿದ ಅವರು 1927ರಲ್ಲಿ ಲಾಸಾದತ್ತ ಹೊರಟರು. ಗೋಮಾಂಗ್‌ನಲ್ಲಿ ದೊರೆತ ಗುರು ಶೆರಾಬ್ ಗ್ಯಾತ್ಸೋ ಆಗಿನ ಮಹಾವಿದ್ವಾಂಸರಲ್ಲೊಬ್ಬರು. ಗುರು ಹೇಳಿದ್ದಕ್ಕೆಲ್ಲ ಶಿಷ್ಯನದು ಆಕ್ಷೇಪ. ಪಾಠವೆಲ್ಲ ವಾಗ್ವಾದದಲ್ಲೇ ಮುಗಿಯುತ್ತಿತ್ತು. ಗುರುಗಳು ಅವರನ್ನು ಹುಚ್ಚನೆಂದೇ ಕರೆಯುತ್ತಿದ್ದರಂತೆ. ಕೊನೆಗೆ ಶಿಷ್ಯ ಪಾಠಕ್ಕೆ ಹೋಗುವುದನ್ನೇ ಬಿಟ್ಟು, ಚಿತ್ರ ಬರೆದು ಹೊಟ್ಟೆ ಹೊರೆದರು. ಗೆಶೆ ಪದವಿಯನ್ನು ಪಡೆಯಲೇ ಇಲ್ಲ.

1934ರಲ್ಲಿ ಸಂಸ್ಕೃತ ಹಸ್ತಪ್ರತಿಗಳನ್ನರಸಿ ಟಿಬೆಟ್‌ಗೆ ಬಂದ ರಾಹುಲ ಸಾಂಕೃತ್ಯಾಯನರ ಜತೆಗೂಡಿ ಅವರು ಭಾರತಕ್ಕೆ ಬಂದರು. ಮಠಗಳು ತಾಳೆಗರಿಗಳನ್ನು ಹೊರಗೆ ಕೊಡುತ್ತಿರಲಿಲ್ಲ, ಛಾಯಾಚಿತ್ರವೊಂದೇ ಉಪಾಯ. ಇಲ್ಲಿ ಚಿತ್ರದ ಗುಣವನ್ನು ಅಳೆಯುವುದು ಅಂದದಿಂದಲ್ಲ, ಅಕ್ಷರ ಓದಲು ಬರುತ್ತದೆಯೇ ಎಂಬುದರಿಂದ. ಆ ಒರೆಗೆ ಹಚ್ಚಿದಾಗ ರಾಹುಲರು ತಂದ ಚಿತ್ರಗಳಲ್ಲಿ ಹಲವು ಸೋತವು. ಮಸುಕಾದ ಹಾಳೆಗಳ ಮುಂದೆ ಸಂಪಾದಕರು ಮುಂದೆ ಬಹುಕಾಲ ಕಣ್ಣು ಕಿರಿದುಮಾಡಿ ಕೂರಬೇಕಾಯಿತು. 1938ರ ಯಾತ್ರೆಯಲ್ಲಿ ಫಣಿ ಮುಖರ್ಜಿ ಎಂಬ ಛಾಯಾಗ್ರಾಹಕರೂ ಕನ್ವಲ್ ಕೃಷ್ಣ ಎಂಬ ಚಿತ್ರಕಾರರೂ ತಂಡದಲ್ಲಿದ್ದರು. ಗೆಂಡುನ್ ಚೋಪೆಲ್ ಕೂಡ ಜತೆಗಿದ್ದರು.

ಅದೇ ವರ್ಷ ಕಾಲಿಂಪಾಂಗ್‌ನ ಟಿಬೆಟನ್ ಪತ್ರಿಕೆ 'ಮೆಲೋಂಗ್'ನಲ್ಲಿ ಭೂಮಿ ದುಂಡಗಿದೆ ಎಂದು ಅವರು ಬರೆದರು. ಭೂಮಿ ಚಪ್ಪಟೆಯೆಂದು ಶಾಸ್ತ್ರವನ್ನು ನಂಬಿದ ಸ್ವಜನರಿಗೆ ಅದು ನೇರ ಆಕ್ಷೇಪಣೆ. ಮಠದ ಅಂಗಳದಲ್ಲಾದರೆ ಎದುರಾಳಿ ಉತ್ತರ ಕೊಡಲೇಬೇಕು. ಊರಿಗೆ ಆ ಕಟ್ಟುಪಾಡಿಲ್ಲ.

ಹನ್ನೆರಡು ವರ್ಷ ಭಾರತ, ಸಿಂಹಳಗಳಲ್ಲಿ ಅಲೆದು, ಧಮ್ಮಪದವನ್ನು ಟಿಬೆಟನ್ ಭಾಷೆಗೆ ತಂದು, ಜಾರ್ಜ್ ರೋರಿಕ್‌ಗೆ 'ಬ್ಲೂ ಆನಲ್ಸ್' ಅನುವಾದದಲ್ಲಿ ನೆರವಾಗಿ ಲಾಸಾಗೆ ಮರಳಿದವರನ್ನು ಸರಕಾರ 1946ರಲ್ಲಿ ಬಂಧಿಸಿತು. ಆರೋಪ ಖೋಟಾ ನೋಟಿನದು. ಆಡಳಿತ ಬದಲಾಗಬೇಕೆಂದು ಬಯಸಿದ ಕಾಲಿಂಪಾಂಗ್‌ನ ಟಿಬೆಟನ್ನರ ನಂಟೇ ನಿಜವಾದ ಕಾರಣವೆಂದು ಹಲವರ ಅಭಿಪ್ರಾಯ. ಬರೆಯುತ್ತಿದ್ದ ಟಿಬೆಟ್ ಇತಿಹಾಸ 'ಶ್ವೇತ ವೃತ್ತಾಂತ' ಅಪೂರ್ಣವಾಗಿಯೇ ಉಳಿಯಿತು. 1949ರಲ್ಲಿ ಬಿಡುಗಡೆಯಾದಾಗ ದೇಹ ಜರ್ಜರಿತ. 1951ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, ವಯಸ್ಸು 48.

ನಾಗಾರ್ಜುನನ ದರ್ಶನ ಕುರಿತ ಅವರ ಪಾಠಗಳನ್ನು ಶಿಷ್ಯರೊಬ್ಬರು ಪುಸ್ತಕವಾಗಿಸಿದರು. ಸ್ವಪಂಥದ ನಿಲುವುಗಳನ್ನೇ ಅದು ಕೆದಕಿತ್ತು. ಖಂಡನೆಗಳು ಬಂದವು. ಅದಕ್ಕೆ ಲೇಖನಿ ಹಿಡಿದವರಲ್ಲಿ ಹಳೆಯ ಗುರು ಶೆರಾಬ್ ಗ್ಯಾತ್ಸೋ ಕೂಡ ಇದ್ದರು.