ಛಾಯಾಗ್ರಾಹಕ ಟಿ. ಎಸ್. ಸತ್ಯನ್

ಕೋಲಾರದ ಚಿನ್ನದ ಗಣಿಗಳ ಹಳೆಯ ಛಾಯಾಚಿತ್ರಗಳನ್ನು ಕಂಡ ವಾಚಕ ಮಹಾಶಯರಿಗೆ ಒಂದು ಸಂಗತಿಯು ಗೋಚರವಾಗದೆ ಇರದು. ಶಾಫ್ಟುಗಳ ಮೇಲಣ ಉಕ್ಕಿನ ಗೋಪುರಗಳು, ಎಂಜಿನ್ ಮನೆಗಳು, ದೊರೆಗಳ ಬಂಗಲೆಗಳು, ಟೋಪಿ ಧರಿಸಿ ಸಾಲಾಗಿ ಕುಳಿತ ಅಧಿಕಾರಿಗಳು, ಇವೆಲ್ಲವೂ ಸ್ಫುಟವಾಗಿ ಮೂಡಿರುತ್ತವೆ. ಕೂಲಿಗಾರನು ಕಾಣಿಸಿಕೊಂಡರೂ ಬಹುಮಟ್ಟಿಗೆ ಯಂತ್ರದ ಎತ್ತರವೆಷ್ಟೆಂದು ತೋರಿಸುವ ಅಳತೆಗೋಲಿನಂತೆ ಅದರ ಪಕ್ಕದಲ್ಲಿ ನಿಂತಿರುತ್ತಾನೆ. ಆತನ ಹೆಸರಿಲ್ಲ, ಅನೇಕ ವೇಳೆ ಮುಖವೂ ಸ್ಪಷ್ಟವಾಗಿಲ್ಲ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದು ಮಾರಿಕುಪ್ಪದಿಂದ ಊರಿಗಾವಿನವರೆಗಿನ ಲೈನು ಮನೆಗಳಲ್ಲಿ ಸಂಸಾರ ಹೂಡಿ, ಹತ್ತು ಸಾವಿರ ಅಡಿಗೂ ಮಿಕ್ಕಿದ ಆಳದಲ್ಲಿ ದುಡಿದ ಸಹಸ್ರಾರು ಜನರ ಪಾಡು ಇದು. ಗುರುತಿಗಾಗಿ ಇವರಿಂದ ಬೆರಳಚ್ಚು ಪಡೆಯಬೇಕೆಂಬ ಏರ್ಪಾಡಿನ ವಿರುದ್ಧ 1930ರಲ್ಲಿ ಇದೇ ಗಣಿಗಳಲ್ಲಿ ಮುಷ್ಕರವಾದುದು ಹಿರಿಯರಿಂದ ಕೇಳಿ ಬಲ್ಲವರಿಗೆ ತಿಳಿದಿದೆ. ಬೆರಳನ್ನು ಕೇಳಿದವರು ಮುಖವನ್ನು ಕೇಳಲಿಲ್ಲ.

ಮುಖವನ್ನು ಕೇಳಿದ ಒಬ್ಬ ಕನ್ನಡಿಗನಿದ್ದನು. ಆತನ ಚರಿತ್ರೆಯನ್ನು ಗಣಿಯ ಜನರು ಅರಿಯತಕ್ಕದ್ದೆಂಬ ಅಭಿಪ್ರಾಯದಿಂದ ಈ ಲೇಖನವನ್ನು ಬರೆದಿದ್ದೇವೆ.

ಮೈಸೂರಿನಲ್ಲಿ 1923ನೆಯ ಇಸವಿ ಡಿಸೆಂಬರ್ 18ರಂದು ಜನಿಸಿದ ಸತ್ಯನಾರಾಯಣ ಅಯ್ಯರ್ ಎಂಬ ಬಾಲಕನು ಮುಂದೆ ಟಿ. ಎಸ್. ಸತ್ಯನ್ ಎಂಬ ಹ್ರಸ್ವನಾಮದಿಂದ ದೇಶವಿದೇಶಗಳಲ್ಲಿ ಪ್ರಖ್ಯಾತನಾದನು. ಅವರು ವ್ಯಾಸಂಗ ಮಾಡಿದ್ದು ಮಹಾರಾಜಾ ಕಾಲೇಜಿನಲ್ಲಿ. ಕ್ವಿಟ್ ಇಂಡಿಯಾ ಚಳುವಳಿಯ ಕಾಲದಲ್ಲಿ ವಿದ್ಯಾರ್ಥಿಗಳ ಮುಂದಾಳಾಗಿದ್ದು ಸೆರೆಮನೆ ಕಂಡ ಎಚ್. ವೈ. ಶಾರದಾಪ್ರಸಾದರು ಅದೇ ಕಾಲೇಜಿನವರು. ಅವರೊಡನೆ ಬೆಳೆದ ಸ್ನೇಹವು ಸತ್ಯನ್ ಅವರಿಗೆ ಜೀವಮಾನಪರ್ಯಂತ ಉಳಿಯಿತು. ಪದವೀಧರನಾದ ಮಧ್ಯಮ ವರ್ಗದ ಯುವಕನು ಸರ್ಕಾರದ ನೌಕರಿಯನ್ನೋ ವಕೀಲಿಯನ್ನೋ ಹಿಡಿಯಬೇಕೆಂದು ಮನೆಮಂದಿ ಬಯಸುತ್ತಿದ್ದ ಕಾಲವದು. ಕ್ಯಾಮೆರಾ ಹೆಗಲಿಗೇರಿಸಿ ಬೀದಿ ಸುತ್ತುವುದನ್ನು ಉದ್ಯೋಗವೆಂದು ಒಪ್ಪುವವರು ವಿರಳ. ಮದುವೆಯ ಚಿತ್ರ ತೆಗೆಯುವವನಿಗೆ ಊಟವನ್ನು ಕೊನೆಯ ಪಂಕ್ತಿಯಲ್ಲಿ ಬಡಿಸುತ್ತಿದ್ದರೆಂದರೆ ಆ ವೃತ್ತಿಗಿದ್ದ ಮರ್ಯಾದೆಯನ್ನು ವಾಚಕರು ಊಹಿಸಿಕೊಳ್ಳಬಹುದು.

1948ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯು ಆರಂಭವಾಯಿತು. ಪೋತನ್ ಜೋಸೆಫರು ಅದರ ಪ್ರಥಮ ಸಂಪಾದಕರು. ಸತ್ಯನ್ ಅವರು ಅಲ್ಲಿ ಛಾಯಾಗ್ರಾಹಕರಾಗಿ ಸೇರಿದರು. ಆ ದಿನಗಳಲ್ಲಿ ಒಂದು ಚಿತ್ರವನ್ನು ಅಚ್ಚುಮಾಡಬೇಕಾದರೆ ಸತುವಿನ ತಗಡಿನ ಮೇಲೆ ಚುಕ್ಕಿಚುಕ್ಕಿಯಾಗಿ ಅದನ್ನು ಕೊರೆಯಿಸಿ ಬ್ಲಾಕ್ ಮಾಡಿಸಬೇಕಾಗಿತ್ತು. ಬ್ಲಾಕಿಗೆ ಹಣ ತೆರಲಾರದ ಸಣ್ಣ ಪತ್ರಿಕೆಗಳು ಗಾಂಧೀಜಿಯವರ ಒಂದೇ ಬ್ಲಾಕನ್ನು ಅದು ಸವೆಯುವವರೆಗೆ ಮುದ್ರಿಸುತ್ತಿದ್ದುವು. ಇಷ್ಟು ವೆಚ್ಚದ ವಸ್ತುವನ್ನು ಮಹಾರಾಜರಿಗೂ ಮಂತ್ರಿಗಳಿಗೂ ಮೀಸಲಿಡುವುದೇ ವ್ಯವಹಾರಬುದ್ಧಿಯೆಂದು ಪತ್ರಿಕಾ ಮಾಲೀಕರು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹಾಗಿರುವಾಗ ಶಾಲೆಯ ಹುಡುಗನಿಗೂ ಸಂತೆಯ ಮುದುಕಿಗೂ ಪತ್ರಿಕೆಯ ಪುಟದಲ್ಲಿ ಸ್ಥಾನವುಂಟೆಂದು ಭಾವಿಸಿದ ಛಾಯಾಗ್ರಾಹಕನ ಧೈರ್ಯವು ಸಾಮಾನ್ಯವಾದುದಲ್ಲ.

ಅಲ್ಲಿಂದ ಅವರು ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿಗೆ ಹೋದರು. ಆದರೆ ಕಚೇರಿಯ ನೌಕರಿಯು ಅವರನ್ನು ಬಹುಕಾಲ ಕಟ್ಟಿಹಾಕಲಿಲ್ಲ. ತಿಂಗಳ ಸಂಬಳವನ್ನು ತೊರೆದು ಸ್ವತಂತ್ರವಾಗಿ ದುಡಿಯುವ ಮಾರ್ಗವನ್ನು ಹಿಡಿದರು. ದೆಹಲಿಯಲ್ಲಿ ದೀರ್ಘಕಾಲ ನೆಲೆಸಿ, ಲೈಫ್, ಟೈಮ್ ಮುಂತಾದ ಪರದೇಶದ ಪತ್ರಿಕೆಗಳಿಗೂ ಚಿತ್ರಗಳನ್ನು ಒದಗಿಸಿದರು. ಜವಾಹರಲಾಲ್ ನೆಹರೂ ಮೊದಲಾದ ಗಣ್ಯರು ಅವರ ಕ್ಯಾಮೆರಾದ ಮುಂದೆ ಬಂದುದುಂಟು, ಆರ್. ಕೆ. ನಾರಾಯಣರ ಚಿತ್ರಗಳು ಪ್ರಸಿದ್ಧವಾಗಿವೆ. ಇವೆಲ್ಲವನ್ನೂ ಬೇರೆ ಸಮರ್ಥರೂ ತೆಗೆಯುತ್ತಿದ್ದರು. ಸತ್ಯನ್ ಅವರ ಹೆಸರು ಉಳಿಯತಕ್ಕದ್ದು ಅನ್ಯ ಕಾರಣದಿಂದ.

ಆ ಕಾರಣವೇ ಲೋಕಸೇವೆ. ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ, ಇವುಗಳ ಕಾರ್ಯಕ್ಕಾಗಿ ಅವರು ವರ್ಷಾನುಗಟ್ಟಲೆ ಹಳ್ಳಿಹಳ್ಳಿಗಳನ್ನು ತಿರುಗಿದರು. ಸಿಡುಬು ನಿರ್ಮೂಲನದ ಮಹಾಕಾರ್ಯವೂ ಅವರ ಕ್ಯಾಮೆರಾಕ್ಕೆ ವಿಷಯವಾಯಿತು. ಈ ರೋಗದ ವಿಚಾರವಾಗಿ ಎರಡು ಮಾತು ಹೇಳಬೇಕು. ಏಕೆಂದರೆ ಹೆಸರಿನಲ್ಲಿಯೇ ಮಾರಿಯನ್ನು ಹೊತ್ತಿರುವ ನಮ್ಮ ಮಾರಿಕುಪ್ಪದವರಿಗೆ ಅಮ್ಮನೆಂದರೇನೆಂದು ಬೇರೆಯವರು ತಿಳಿಸಬೇಕಾದುದಿಲ್ಲ. ಬೇವಿನ ಸೊಪ್ಪು ಕಟ್ಟಿದ ಬಾಗಿಲೊಳಗೆ ಮಗುವನ್ನು ಮರೆಮಾಡುತ್ತಿದ್ದ ಕಾಲದಲ್ಲಿ, ರೋಗಿಯನ್ನು ಹುಡುಕುವುದೇ ದೇವಿ ಹಾಕುವುದಕ್ಕಿಂತಲೂ ಕಷ್ಟವಾಗಿತ್ತು. ಆಗ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಛಾಯಾಚಿತ್ರವಿದ್ದ ಒಂದು ಕಾರ್ಡನ್ನು ಹಿಡಿದು ಮನೆಮನೆಗೂ ಹೋಗಿ, ಇಂತಹ ಮಗುವನ್ನು ಕಂಡಿರಾ ಎಂದು ವಿಚಾರಿಸುತ್ತಿದ್ದರು. ಅಕ್ಷರ ಬಾರದ ಅಜ್ಜಿಯೂ ಅದನ್ನು ನೋಡಿ ಉತ್ತರಿಸಬಲ್ಲವಳಾಗಿದ್ದಳು. 1975ರಲ್ಲಿ ಭಾರತದ ಕೊನೆಯ ರೋಗಿ ಪತ್ತೆಯಾದುದು. 1980ರಲ್ಲಿ ಜಗತ್ತೇ ಆ ಪೀಡೆಯಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಛಾಯಾಚಿತ್ರವು ಶ್ರೀಮಂತರ ವಿನೋದವೆಂದು ಹಳಿಯುವವರು ಈ ಕಾರ್ಡನ್ನು ನೆನೆಯಲಿ.

ಮಕ್ಕಳ ಚಿತ್ರಗಳಲ್ಲಿ ಸತ್ಯನ್ ಅವರಿಗೆ ಸಮಾನರು ನಮ್ಮಲ್ಲಿ ಹೆಚ್ಚು ಮಂದಿ ಇಲ್ಲ. ಆಟವಾಡುವ, ಓದುವ, ದುಡಿಯುವ, ಅಳುವ ಮಕ್ಕಳು. ಯಾರೂ ಅಲಂಕರಿಸಿ ನಿಲ್ಲಿಸಿದವರಲ್ಲ. ಮಗುವಿನ ಎದುರು ದೊಡ್ಡವನಂತೆ ನಿಂತು ಮೇಲಿನಿಂದ ಕೆಳಕ್ಕೆ ನೋಡಿದರೆ ಚಿತ್ರದಲ್ಲಿ ಕರುಣೆ ಮಾತ್ರ ಉಳಿಯುತ್ತದೆ, ಮಗು ಉಳಿಯುವುದಿಲ್ಲ. ಅವರ ಚಿತ್ರಗಳಲ್ಲಿ ಮಗುವು ನಮ್ಮನ್ನು ಸಮನಾಗಿ ದೃಷ್ಟಿಸುತ್ತದೆ. 1979ರಲ್ಲಿ ಅಂತರರಾಷ್ಟ್ರೀಯ ಮಕ್ಕಳ ವರ್ಷದ ನಿಮಿತ್ತವಾಗಿ ಯುನಿಸೆಫ್ ಸಂಸ್ಥೆಯು ಅವರು ತೆಗೆದ ಮಕ್ಕಳ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಪ್ರಧಾನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ರಾಷ್ಟ್ರಗಳ ಪ್ರತಿನಿಧಿಗಳು ಓಡಾಡುವ ಆ ಮಂದಿರದ ಗೋಡೆಗಳ ಮೇಲೆ, ಯಾವ ರಾಯಭಾರಿಯ ಶಿಫಾರಸೂ ಇಲ್ಲದೆ, ನಮ್ಮ ಬೀದಿಯ ಹುಡುಗರು ಹೋಗಿ ನಿಂತರು. ಅದಕ್ಕೆ ಎರಡು ವರ್ಷ ಮೊದಲೇ, 1977ರಲ್ಲಿ, ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತ್ತು.

ಅವರ ಚಿತ್ರಗಳು ಅತಿ ಮೃದುವಾದುವು, ಬಡತನದ ಕ್ರೌರ್ಯವನ್ನು ಸಾಕಷ್ಟು ತೋರಿಸುವುದಿಲ್ಲವೆಂಬ ಆಕ್ಷೇಪವನ್ನು ಎತ್ತುವವರಿದ್ದಾರೆ. ಆಕ್ಷೇಪವು ಪೂರ್ಣವಾಗಿ ನಿರಾಧಾರವೆಂದು ನಾವು ಹೇಳುವುದಿಲ್ಲ. ಕಲ್ಲುಧೂಳಿನಿಂದ ಎದೆಗೆಟ್ಟು ಕೆಮ್ಮಿ ಸತ್ತ ಗಣಿಯ ಕೂಲಿಗಾರನ ಕಥೆಯನ್ನು ಮಂದಹಾಸದ ಚಿತ್ರವೊಂದರಿಂದಲೇ ಹೇಳಲಾಗುವುದಿಲ್ಲ. ಆದಾಗ್ಯೂ ಬಡವನ ಗಾಯವನ್ನೇ ಹುಡುಕಿ ಚಿತ್ರ ತೆಗೆದು ಮಾರುವ ಕಸುಬಿಗೂ, ಆತನಿಗೆ ನಗುವೂ ನಾಚಿಕೆಯೂ ಅಭಿಮಾನವೂ ಇದೆಯೆಂದು ತೋರಿಸುವ ಕಲೆಗೂ ಅಂತರವುಂಟು. ಎರಡನೆಯದಕ್ಕೆ ಹೆಚ್ಚು ಕಾಲ ಬೇಕು, ಹೆಚ್ಚು ತಾಳ್ಮೆ ಬೇಕು; ಎದುರಿಗಿರುವವನು ಬೇಡವೆಂದರೆ ಕ್ಯಾಮೆರಾವನ್ನು ಕೆಳಗಿಳಿಸುವ ಸೌಜನ್ಯವೂ ಬೇಕು.

ಈ ಚರಿತ್ರೆಯು ಗಣಿಯ ತರುಣರಿಗೆ ಏತಕ್ಕೆಂದರೆ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ನಮ್ಮ ಜನರು ಚೆದುರಿಹೋಗುತ್ತಿದ್ದಾರೆ. ಮಾರಿಕುಪ್ಪದಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಮುಂಜಾವಿನ ರೈಲಿನಲ್ಲಿ ಕೂಲಿಗಾಗಿ ಹೋಗುವವರನ್ನು ನೋಡಿದರೆ ಸಾಕು. ಲೈನು ಮನೆಗಳ ಟ್ರಂಕುಗಳಲ್ಲಿ ಹಬ್ಬದ ದಿನ ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ತೆಗೆಸಿದ ತಾತಂದಿರ ಚಿತ್ರಗಳಿವೆ. ಮಳೆಯ ತೇವಕ್ಕೂ ಗೆದ್ದಲಿಗೂ ಅವು ಆಹುತಿಯಾಗುತ್ತಿವೆ. ನಾಲ್ಕು ಜನ ಯುವಕಯುವತಿಯರು ಸ್ವಯಂಸೇವಕರಾಗಿ ಕಲೆತು, ಮನೆಮನೆಗೂ ಹೋಗಿ, ತಮಿಳು, ತೆಲುಗು, ಕನ್ನಡ, ಉರ್ದು ಎಂಬ ಭೇದವಿಲ್ಲದೆ ಆ ಚಿತ್ರಗಳ ಪ್ರತಿ ತೆಗೆದುಕೊಂಡು, ಇರುವ ವೃದ್ಧರ ಭಾವಚಿತ್ರವನ್ನೂ ತೆಗೆದು, ಹೆಸರು ಬರೆದಿಡಬಾರದೇಕೆ? ಮೊದಲನೆಯ ಪ್ರತಿಯನ್ನು ಚಿತ್ರದಲ್ಲಿರುವವರಿಗೇ ಕೊಡತಕ್ಕದ್ದು. ಈಗ ಪ್ರತಿಯೊಬ್ಬ ಹುಡುಗನ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಸತುವಿನ ಬ್ಲಾಕಿನ ವೆಚ್ಚದ ನೆವವೂ ಇಲ್ಲ.

ಇಳಿವಯಸ್ಸಿನಲ್ಲಿ ಸತ್ಯನ್ ಅವರು ಮೈಸೂರಿಗೆ ಹಿಂದಿರುಗಿದರು. ಅವರ ಚಿತ್ರಗಳಿಗೆ ಶಾರದಾಪ್ರಸಾದರು ಬರೆಹ ಒದಗಿಸಿದ ಕರ್ನಾಟಕದ ಗ್ರಂಥವು 1981ರಲ್ಲಿ ಹೊರಬಂದಿತು. 2002ರಲ್ಲಿ ಅವರ ಜೀವಮಾನದ ಚಿತ್ರಸಂಗ್ರಹವೂ, 2005ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆಯೂ ಪ್ರಕಟವಾದುವು. ಕನ್ನಡದಲ್ಲಿ ಅವರು ಬರೆದ ನೆನಪುಗಳಿಗೆ 'ಕಾಲಕ್ಕೆ ಕನ್ನಡಿ' ಎಂದು ಹೆಸರು. ಕ್ಯಾಮೆರಾದಷ್ಟೇ ಲೇಖನಿಯೂ ಅವರಿಗೆ ಒಲಿದಿತ್ತೆಂಬುದನ್ನು ಅದನ್ನೋದಿದವರು ಬಲ್ಲರು. 2009ನೆಯ ಇಸವಿ ಡಿಸೆಂಬರ್ 13ರಂದು, ಎಂಬತ್ತಾರು ವರ್ಷಗಳು ತುಂಬಲು ಐದು ದಿನಗಳಿರುವಾಗ, ಅವರು ಕಾಲಾಧೀನರಾದರು.